ಕಾಳುಗಳ ಸಸಾರಜನಕವೂ ದೇಹದ ಬೊಜ್ಜೂ

ಎತ್ತಿಗೆ ಹುಲ್ಲೆಷ್ಟು, ಹಿಂಡಿಯೆಷ್ಟು, ಕರೆಯುವ ಹಸುವಿಗೆ ಬೂಸವೆಷ್ಟು ಎಂಬುದನ್ನು ಅಳೆದು ಇಡುವ ಆರಂಭಗಾರನು, ತನ್ನ ಎಲೆಯ ಮೇಲೆ ಬೀಳುವ ಆಹಾರದ ವಿಷಯದಲ್ಲಿ ಅಷ್ಟು ಎಚ್ಚರವನ್ನು ವಹಿಸುವುದು ಅಪೂರ್ವವೆಂದೇ ಹೇಳಬೇಕು. ಕೆಲಸವಿಲ್ಲದೆ ಕಟ್ಟಿದಲ್ಲೇ ನಿಂತು ಮೇಯುವ ಎತ್ತು ಕೊಬ್ಬೇರಿ ಉಳುಮೆಗೆ ಬಾರದಂತಾಗುವುದೆಂಬುದು ಅವನಿಗೆ ಗೊತ್ತು. ಅದೇ ನಿಯಮವು ಮನುಷ್ಯನಿಗೂ ಅನ್ವಯಿಸುವುದೆಂಬುದು ಮಾತ್ರ ಮರೆತುಹೋಗುತ್ತದೆ. ನೇಗಿಲ ಹಿಂದೆ ದಿನಕ್ಕೆ ಹಲವು ಮೈಲಿ ನಡೆಯುತ್ತಿದ್ದ ಕಾಲದಲ್ಲಿ ಸಾಕಾಗುತ್ತಿದ್ದ ಅನ್ನದ ಪ್ರಮಾಣವು, ಟ್ರ್ಯಾಕ್ಟರು ಉಳುವ, ಮೋಟಾರು ನೀರೆತ್ತುವ, ದ್ವಿಚಕ್ರ ವಾಹನವು ತೋಟಕ್ಕೆ ಒಯ್ಯುವ ಈ ಕಾಲದಲ್ಲಿ ಮಿತಿಮೀರಿದ್ದಾಗಿ ಪರಿಣಮಿಸಿರುತ್ತದೆ.

ಬೊಜ್ಜು ಪಟ್ಟಣದ ಶ್ರೀಮಂತರ ಬಾಧೆಯೆಂಬ ಭಾವನೆಯು ಹಳ್ಳಿಗಳಲ್ಲಿ ಇನ್ನೂ ಉಂಟು. ಆದರೆ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿಯ ತೂಕವು ಇರತಕ್ಕುದಕ್ಕಿಂತ ಹೆಚ್ಚಾಗಿದ್ದಿತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆಯು 22-23ರಷ್ಟಿದ್ದಿತು. ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳ ಪೈಕಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ ಕಂಡುಬಂದಿತು. ಒಂದೇ ಗ್ರಾಮದಲ್ಲಿ, ಕೆಲವೆಡೆ ಒಂದೇ ಮನೆಯಲ್ಲಿ, ಯಜಮಾನನ ಹೊಟ್ಟೆ ಬೆಳೆಯುತ್ತಿರುವಾಗ ಮಗುವು ಬೆಳೆಯದಿರುವುದು ವಿಚಿತ್ರವಾಗಿ ತೋರಬಹುದು. ಎರಡಕ್ಕೂ ಕಾರಣಗಳು ಅನೇಕವಿದ್ದರೂ, ಅವುಗಳಲ್ಲಿ ಒಂದು ಎರಡಕ್ಕೂ ಸಮಾನವಾದುದು: ಎಲೆಯ ಮೇಲೆ ಪಿಷ್ಟವು ಹೆಚ್ಚಾಗಿ, ಸಸಾರಜನಕವು, ಎಂದರೆ ಪ್ರೋಟೀನು, ಕಡಿಮೆಯಾಗಿರುವುದು. ಈ ಸಸಾರಜನಕವನ್ನು ನಮ್ಮ ಹೊಲಗಳಲ್ಲಿ ಬೆಳೆಯುವ ದ್ವಿದಳ ಧಾನ್ಯಗಳಿಂದ ಪಡೆದರೆ ದೇಹದ ಕೊಬ್ಬಿನ ಮೇಲೆ ಏನು ಪರಿಣಾಮವಾಗುವುದೆಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಬೊಜ್ಜನ್ನು ಅಳೆಯುವ ಕ್ರಮ.— ದೇಹದ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಎತ್ತರವನ್ನು ಮೀಟರುಗಳಲ್ಲಿ ಅಳೆದು ಅದರ ವರ್ಗದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಭಾರತೀಯರಲ್ಲಿ ಈ ಅಂಕಿಯು 23ನ್ನು ದಾಟಿದರೆ ತೂಕವು ಹೆಚ್ಚೆಂದೂ, 25ನ್ನು ದಾಟಿದರೆ ಬೊಜ್ಜೆಂದೂ ವೈದ್ಯರು ಎಣಿಸುತ್ತಾರೆ. ಉದಾಹರಣೆಗೆ, 1.65 ಮೀಟರು ಎತ್ತರದವನು 68 ಕಿಲೋ ತೂಗಿದರೆ ಅವನ ಅಂಕಿಯು 25ಕ್ಕೆ ಬಂದಂತಾಗುತ್ತದೆ. ಇದಕ್ಕಿಂತ ಸುಲಭವಾದ ಉಪಾಯವು ದರ್ಜಿಯ ಟೇಪು. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂಟಿಮೀಟರನ್ನೂ ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಿದ್ದರೆ ಎಚ್ಚರಗೊಳ್ಳಬೇಕು. ಏಕೆಂದರೆ, ತೊಡೆ ತೋಳುಗಳ ಚರ್ಮದ ಕೆಳಗೆ ಶೇಖರವಾಗುವ ಕೊಬ್ಬಿಗಿಂತ, ಹೊಟ್ಟೆಯೊಳಗೆ ಕರುಳು ಮತ್ತು ಯಕೃತ್ತುಗಳ ಸುತ್ತಲೂ ಕೂಡುವ ಕೊಬ್ಬು ಹೆಚ್ಚು ಅಪಾಯಕರವಾದುದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಆಕಾರವು ನಮ್ಮವರಲ್ಲಿ ಸಾಮಾನ್ಯವಾಗಿದ್ದು, ಸಕ್ಕರೆ ರೋಗ, ರಕ್ತದ ಒತ್ತಡ, ಹೃದ್ರೋಗಗಳು ಅದರ ಬೆನ್ನುಹತ್ತಿ ಬರುತ್ತವೆ.

ಕೊಬ್ಬು ಶೇಖರವಾಗುವ ಬಗೆ.— ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕಾಂಗವು ಇನ್ಸುಲಿನ್ ಎಂಬ ರಸವನ್ನು ಸುರಿಸಿ, ಆ ಸಕ್ಕರೆಯನ್ನು ಸ್ನಾಯುಗಳಿಗೂ ಯಕೃತ್ತಿಗೂ ಒಯ್ಯಿಸುತ್ತದೆ. ಕೂಡಲೆ ಬೇಡವಾದ ಸಕ್ಕರೆಯು ಅಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಉಳಿಯುತ್ತದೆ. ಇದನ್ನು ಮನೆಯೊಳಗಿನ ಸಣ್ಣ ಕಣಜಕ್ಕೆ ಹೋಲಿಸಬಹುದು. ನಿತ್ಯದ ಖರ್ಚಿಗೆ ಅನುಕೂಲವೇ ಹೊರತು ಅದರಲ್ಲಿ ಹಿಡಿಯುವುದು ಕೆಲವೇ ನೂರು ಗ್ರಾಂಗಳು ಮಾತ್ರ. ಕಣಜವು ತುಂಬಿದ ಮೇಲೆ ಉಳಿದ ಧಾನ್ಯವನ್ನು ಹಗೇವಿಗೆ ಹಾಕುವಂತೆ, ದೇಹವೂ ಮಿಕ್ಕ ಶಕ್ತಿಯನ್ನು ಕೊಬ್ಬಿನ ಕೋಶಗಳಿಗೆ ಹಾಕುತ್ತದೆ. ಈ ಹಗೇವಿಗೆ ತಳವೇ ಇಲ್ಲ.

ಹಗೇವು ತುಂಬುವ ದಾರಿಗಳು ಎರಡು. ಮೊದಲನೆಯದಾಗಿ, ಯಕೃತ್ತು ಹೆಚ್ಚಾದ ಸಕ್ಕರೆಯ ಒಂದು ಭಾಗವನ್ನು ಕೊಬ್ಬನ್ನಾಗಿ ಮಾರ್ಪಡಿಸಿ, ಟ್ರೈಗ್ಲಿಸರೈಡ್ ಎಂಬ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಅದರಲ್ಲಿ ಸ್ವಲ್ಪವು ಯಕೃತ್ತಿನಲ್ಲಿಯೇ ತಂಗುವುದೂ ಉಂಟು. ಎರಡನೆಯದಾಗಿ, ಇನ್ಸುಲಿನ್ ರಕ್ತದಲ್ಲಿ ಮೇಲೇರಿರುವವರೆಗೂ ಹಗೇವಿನ ಬಾಯಿ ಮುಚ್ಚಿರುತ್ತದೆ. ಎಂದರೆ, ಕೂಡಿಟ್ಟ ಕೊಬ್ಬು ಹೊರಗೆ ಬಂದು ಉರಿಯುವುದಿಲ್ಲ. ದೇಹವು ಸಕ್ಕರೆಯನ್ನೇ ಉರಿಸುತ್ತಿರುವಾಗ, ಊಟದೊಡನೆ ಬಂದ ಎಣ್ಣೆ ತುಪ್ಪಗಳು ನೇರವಾಗಿ ಶೇಖರಣೆಗೆ ಹೋಗುತ್ತವೆ. ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ ಟೀಗಳನ್ನು ಕುಡಿದು, ನಡುವೆ ಬಿಸ್ಕತ್ತು ಬೋಂಡಗಳನ್ನು ತಿನ್ನುವವರಲ್ಲಿ ಹಗೇವಿನ ಬಾಯಿ ತೆರೆಯುವುದಕ್ಕೆ ರಾತ್ರಿಯ ಹೊರತು ಅವಕಾಶವೇ ಸಿಕ್ಕುವುದಿಲ್ಲ.

ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿಯು ಅಡಗಿರುತ್ತದೆ. ದಿನಕ್ಕೆ 100 ಕಿಲೋಕ್ಯಾಲೊರಿಗಳಷ್ಟು, ಎಂದರೆ ಎರಡು ಚಹಾಚಮಚ ಎಣ್ಣೆಯಷ್ಟು, ಹೆಚ್ಚಾಗಿ ತಿಂದರೆ ವರ್ಷಕ್ಕೆ ನಾಲ್ಕು ಕಿಲೋಗಳಿಗಿಂತ ಹೆಚ್ಚು ಕೊಬ್ಬು ಕೂಡಬೇಕೆಂದು ಲೆಕ್ಕವು ಹೇಳುತ್ತದೆ. ತೂಕವು ಏರಿದಂತೆ ದೇಹದ ಖರ್ಚೂ ಏರುವುದರಿಂದ ವಾಸ್ತವವಾಗಿ ಅಷ್ಟು ಆಗುವುದಿಲ್ಲ. ಆದರೂ ಬೊಜ್ಜು ಬರುವುದು ಹಬ್ಬದ ಒಂದು ದಿನದ ಊಟದಿಂದಲ್ಲ, ನಿತ್ಯವೂ ಕಾಣದಷ್ಟು ಹೆಚ್ಚುವ ಸ್ವಲ್ಪದಿಂದ ಎಂಬುದು ಇದರಿಂದ ತಿಳಿಯುತ್ತದೆ.

ಸಸಾರಜನಕವು ಮಾಡುವ ಕೆಲಸ.— ಸಸಾರಜನಕವು ಪಿಷ್ಟದಂತೆಯೇ ಗ್ರಾಂ ಒಂದಕ್ಕೆ 4 ಕಿಲೋಕ್ಯಾಲೊರಿಗಳನ್ನು ಕೊಟ್ಟರೂ, ದೇಹವು ಅದನ್ನು ವಿನಿಯೋಗಿಸುವ ರೀತಿಯೇ ಬೇರೆ. ಇದರಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು, ಜೀರ್ಣದ ವೆಚ್ಚ. ಯಾವ ಆಹಾರವನ್ನು ಅರಗಿಸಿ ಬಳಸಿಕೊಳ್ಳುವುದಕ್ಕೂ ದೇಹವು ಸ್ವಲ್ಪ ಶಕ್ತಿಯನ್ನು ಖರ್ಚುಮಾಡಬೇಕು. ಕೊಬ್ಬಿನ ವಿಷಯದಲ್ಲಿ ಈ ಖರ್ಚು ನೂರಕ್ಕೆ 3ನ್ನು ಮೀರದು. ಪಿಷ್ಟದಲ್ಲಿ 5ರಿಂದ 10ರಷ್ಟು. ಸಸಾರಜನಕದಲ್ಲಾದರೋ 20ರಿಂದ 30ರಷ್ಟು. ಸಾಗಾಣಿಕೆಯಲ್ಲಿಯೇ ಕಾಲುಭಾಗ ಸುಂಕಕ್ಕೆ ಹೋಗುವ ಸರಕಿನಂತೆ, ಸಸಾರಜನಕದ ಶಕ್ತಿಯಲ್ಲಿ ಹಗೇವಿಗೆ ತಲಪುವುದು ಕಡಿಮೆ.

ಎರಡನೆಯದು, ಹಸಿವಿನ ಶಮನ. ಸಸಾರಜನಕವು ಕರುಳನ್ನು ತಲಪಿದಾಗ, ಸಾಕೆಂಬ ಸೂಚನೆಯನ್ನು ಮೆದುಳಿಗೆ ಕೊಡುವ ಕೆಲವು ಹಾರ್ಮೋನುಗಳು ಅಲ್ಲಿಂದ ಹೊರಡುತ್ತವೆ. ಕಾಳಿನಲ್ಲಿ ಸಸಾರಜನಕದ ಜೊತೆಗೆ ನಾರೂ ಇರುವುದರಿಂದ, ಆಹಾರವು ಜಠರದಲ್ಲಿ ಹೆಚ್ಚು ಹೊತ್ತು ನಿಂತು, ಸಕ್ಕರೆಯು ರಕ್ತಕ್ಕೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಬೆಳಿಗ್ಗೆ ಹುರುಳಿಯ ಸಾರಿನೊಡನೆ ಮುದ್ದೆಯುಂಡವನಿಗೆ ಮಧ್ಯಾಹ್ನದವರೆಗೂ ಹಸಿವೆ ಕಾಣದಿರುವುದೂ, ಬಿಳಿ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಉಂಡವನು ಎರಡೇ ಗಂಟೆಗಳಲ್ಲಿ ತಿಂಡಿಯನ್ನು ಹುಡುಕುವುದೂ ಅನುಭವದ ಮಾತೇ ಆಗಿರುತ್ತದೆ.

ಮೂರನೆಯದು, ಸ್ನಾಯುಗಳ ರಕ್ಷಣೆ. ತೂಕವನ್ನಿಳಿಸಬೇಕೆಂದು ಊಟವನ್ನೇ ಬಿಡುವವರಲ್ಲಿ ಕೊಬ್ಬಿನೊಡನೆ ಸ್ನಾಯುಗಳೂ ಕರಗುತ್ತವೆ. ಕೂತಿದ್ದರೂ ಶಕ್ತಿಯನ್ನು ಉರಿಸುವ ಅಂಗಗಳಲ್ಲಿ ಸ್ನಾಯುವು ಮುಖ್ಯವಾದುದು. ಅದು ಕಡಿಮೆಯಾದರೆ ದೇಹದ ಖರ್ಚೂ ಕುಗ್ಗಿ, ಊಟವನ್ನು ಪುನಃ ಪ್ರಾರಂಭಿಸಿದಾಗ ಬೊಜ್ಜು ಬೇಗನೆ ಮರಳುತ್ತದೆ. ಸಾಕಷ್ಟು ಸಸಾರಜನಕವೂ ಮೈಮುರಿದು ಮಾಡುವ ಕೆಲಸವೂ ಸೇರಿದರೆ ಮಾತ್ರ ಸ್ನಾಯುವು ಉಳಿಯುತ್ತದೆ.

ನಾಲ್ಕನೆಯದು, ಯಕೃತ್ತಿನಲ್ಲಾಗುವ ಪರಿಣಾಮ. ಇದು ವಿಶೇಷವಾಗಿ ಸಸ್ಯಜನ್ಯ ಸಸಾರಜನಕಕ್ಕೆ ಸಂಬಂಧಿಸಿದುದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಪ್ರಯೋಗಗಳ ಇತಿಹಾಸ.— 1908ರಲ್ಲಿ ರಷ್ಯಾ ದೇಶದ ಇಗ್ನಟೋವ್‌ಸ್ಕಿ ಎಂಬ ವಿದ್ವಾಂಸನು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆಗಳನ್ನು ತಿನ್ನಿಸಿ, ಅವುಗಳ ರಕ್ತನಾಳಗಳು ಕೊಬ್ಬಿನಿಂದ ಗಡುಸಾದುದನ್ನು ಕಂಡನು. ಇದಕ್ಕೆ ಪ್ರಾಣಿಜನ್ಯ ಸಸಾರಜನಕವೇ ಕಾರಣವೆಂದು ಅವನು ಊಹಿಸಿದನು. 1913ರಲ್ಲಿ ಅದೇ ದೇಶದ ಅನಿಚ್‌ಕೋವ್ ಎಂಬುವನು, ಶುದ್ಧವಾದ ಕೊಲೆಸ್ಟರಾಲನ್ನು ಎಣ್ಣೆಯಲ್ಲಿ ಕರಗಿಸಿ ಕೊಟ್ಟರೂ ಅದೇ ಪರಿಣಾಮವಾಗುವುದೆಂದು ತೋರಿಸಿದ್ದರಿಂದ, ಸಸಾರಜನಕದ ವಿಚಾರವು ಬಹುಕಾಲ ಹಿಂದೆ ಬಿದ್ದಿತು. 1975ರಲ್ಲಿ ಕೆನಡಾ ದೇಶದ ಕ್ಯಾರಲ್ ಮತ್ತು ಹ್ಯಾಮಿಲ್ಟನ್ ಎಂಬುವರು ಕೊಲೆಸ್ಟರಾಲಿಲ್ಲದ ಆಹಾರದಲ್ಲಿ ಸಸಾರಜನಕವನ್ನು ಮಾತ್ರ ಬದಲಾಯಿಸಿ ಮೊಲಗಳ ಮೇಲೆ ಪರೀಕ್ಷೆ ನಡೆಸಿದರು. ಪ್ರಾಣಿಜನ್ಯ ಸಸಾರಜನಕವನ್ನು ತಿಂದ ಮೊಲಗಳಿಗಿಂತ ಸಸ್ಯಜನ್ಯ ಸಸಾರಜನಕವನ್ನು ತಿಂದವುಗಳಲ್ಲಿ ರಕ್ತದ ಕೊಲೆಸ್ಟರಾಲು ಕಡಿಮೆಯಾಗಿದ್ದಿತು. 1977ರಲ್ಲಿ ಇಟಲಿಯ ಸಿರ್ಟೋರಿ ಮತ್ತು ಅವನ ಸಹೋದ್ಯೋಗಿಗಳು ರೋಗಿಗಳಿಗೆ ಸೋಯಾ ಅವರೆಯ ಆಹಾರವನ್ನು ಕೊಟ್ಟು, ಮನುಷ್ಯರಲ್ಲಿಯೂ ಕೊಲೆಸ್ಟರಾಲು ಇಳಿಯುವುದೆಂದು ಪ್ರಕಟಿಸಿದರು.

1995ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಇತರರು 38 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ, ದಿನಕ್ಕೆ ಸರಾಸರಿ 47 ಗ್ರಾಂ ಸೋಯಾ ಸಸಾರಜನಕವನ್ನು ತಿಂದವರಲ್ಲಿ ಕೆಟ್ಟ ಕೊಲೆಸ್ಟರಾಲೆಂದು ಕರೆಯಲ್ಪಡುವ ಎಲ್.ಡಿ.ಎಲ್. ನೂರಕ್ಕೆ ಸುಮಾರು 13ರಷ್ಟೂ, ಟ್ರೈಗ್ಲಿಸರೈಡು ಸುಮಾರು 10ರಷ್ಟೂ ಇಳಿದವೆಂದು ಲೆಕ್ಕ ಹಾಕಿದರು. ಇದನ್ನು ಆಧರಿಸಿ 1999ರಲ್ಲಿ ಆ ದೇಶದ ಆಹಾರ ಮತ್ತು ಔಷಧಿ ಆಡಳಿತವು, ದಿನಕ್ಕೆ 25 ಗ್ರಾಂ ಸೋಯಾ ಸಸಾರಜನಕವು ಹೃದಯಕ್ಕೆ ಹಿತಕರವೆಂದು ಪೊಟ್ಟಣಗಳ ಮೇಲೆ ಮುದ್ರಿಸುವುದಕ್ಕೆ ಅನುಮತಿಯನ್ನಿತ್ತಿತು. ಆದರೆ ಅನಂತರ ನಡೆದ ಪ್ರಯೋಗಗಳಲ್ಲಿ ಫಲವು ಇಷ್ಟು ದೊಡ್ಡದಾಗಿ ಕಾಣಲಿಲ್ಲ. 2006ರಲ್ಲಿ ಅಮೆರಿಕದ ಹೃದಯ ಸಂಘವು ಈ ಇಳಿತವನ್ನು ನೂರಕ್ಕೆ 3ರಷ್ಟೆಂದು ಅಂದಾಜುಮಾಡಿತು. 2017ರಲ್ಲಿ ಮೇಲ್ಕಂಡ ಅನುಮತಿಯನ್ನು ಹಿಂದಕ್ಕೆ ಪಡೆಯುವ ಸೂಚನೆಯೂ ಹೊರಬಿದ್ದಿತು. ಹೊಸ ತಳಿಯೊಂದು ಪ್ರಯೋಗ ಕ್ಷೇತ್ರದ ಮೊದಲನೆಯ ವರ್ಷದಲ್ಲಿ ತೋರಿದ ಇಳುವರಿಯು ರೈತರ ಹೊಲಗಳಲ್ಲಿ ಯಾವಾಗಲೂ ಬಾರದೆಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನುಂಟುಮಾಡದು. ಫಲವು ಇಲ್ಲವೆಂದು ಇದರ ಅರ್ಥವಲ್ಲ, ಅದರ ನಿಜವಾದ ಅಳತೆಯು ತಿಳಿದುಬಂದಿತೆಂದು ಅರ್ಥ.

ಈ ಫಲಕ್ಕೆ ಕಾರಣವೇನೆಂಬ ವಿಷಯದಲ್ಲಿ ಮುಖ್ಯವಾಗಿ ಕೆಳಕಂಡ ಸಂಗತಿಗಳನ್ನು ಹೇಳಲಾಗುತ್ತದೆ. ಸಸಾರಜನಕವು ಆಮೈನೋ ಆಮ್ಲಗಳೆಂಬ ಘಟಕಗಳಿಂದಾದುದು. ಸಸ್ಯಜನ್ಯ ಸಸಾರಜನಕದಲ್ಲಿ ಅರ್ಜಿನೀನ್ ಎಂಬ ಘಟಕವು ಹೆಚ್ಚಾಗಿಯೂ ಮಿಥಿಯೋನಿನ್ ಎಂಬುದು ಕಡಿಮೆಯಾಗಿಯೂ ಇರುತ್ತವೆ. ಈ ಬಗೆಯ ಮಿಶ್ರಣವು ಯಕೃತ್ತು ಕೊಬ್ಬನ್ನು ತಯಾರಿಸುವ ವೇಗವನ್ನು ತಗ್ಗಿಸಿ, ರಕ್ತದಿಂದ ಎಲ್.ಡಿ.ಎಲ್. ಅನ್ನು ಹಿಂದಕ್ಕೆ ಸೆಳೆದುಕೊಳ್ಳುವ ಶಕ್ತಿಯನ್ನು ಹೆಚ್ಚಿಸುವುದೆಂದು ಪ್ರಾಣಿಗಳಲ್ಲಿ ನಡೆದ ಪ್ರಯೋಗಗಳಿಂದ ಕಂಡುಬಂದಿದೆ. ಸೋಯಾದಲ್ಲಿರುವ ಬೀಟಾ-ಕಾನ್‌ಗ್ಲೈಸಿನಿನ್ ಎಂಬ ಒಂದು ಸಸಾರಜನಕವನ್ನು ದಿನಕ್ಕೆ 5 ಗ್ರಾಂನಂತೆ ಕೊಟ್ಟಾಗ, ರಕ್ತದ ಟ್ರೈಗ್ಲಿಸರೈಡೂ ಹೊಟ್ಟೆಯೊಳಗಿನ ಕೊಬ್ಬೂ ಕಡಿಮೆಯಾದುವೆಂದು 2006ರಲ್ಲಿ ಜಪಾನಿನ ವಿದ್ವಾಂಸರು ಪ್ರಕಟಿಸಿದರು. ಇದಲ್ಲದೆ, ಕಾಳಿನ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಮಲದೊಡನೆ ಹೊರಗೆ ಹಾಕುತ್ತದೆ. ಕಳೆದುಹೋದ ಪಿತ್ತವನ್ನು ಪುನಃ ತಯಾರಿಸುವುದಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಖರ್ಚುಮಾಡಬೇಕಾಗುತ್ತದೆ. ಉಳಿದ ನಾರು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಅವು ಉತ್ಪತ್ತಿಮಾಡುವ ಆಮ್ಲಗಳೂ ಹಸಿವನ್ನು ತಗ್ಗಿಸುವುದಕ್ಕೆ ನೆರವಾಗುತ್ತವೆ.

ಬೇಳೆಕಾಳುಗಳ ವಿಷಯ.— ಸೋಯಾ ಅವರೆಯು ಬೀದರ, ಬೆಳಗಾವಿ, ಧಾರವಾಡದ ಕಡೆ ಬೆಳೆಯಲ್ಪಟ್ಟರೂ, ನಮ್ಮ ಜನರ ನಿತ್ಯದ ಊಟದಲ್ಲಿರುವುವು ತೊಗರಿ, ಕಡಲೆ, ಹೆಸರು, ಉದ್ದು, ಅಲಸಂದೆ, ಅವರೆ, ಹುರುಳಿಗಳೇ. 2014ರಲ್ಲಿ ಪ್ರಕಟವಾದ, 26 ಪ್ರಯೋಗಗಳನ್ನೊಳಗೊಂಡ ಒಂದು ಪರಿಶೀಲನೆಯಲ್ಲಿ, ದಿನಕ್ಕೆ ಒಂದು ಬಡಿಸುವ ಪ್ರಮಾಣದಷ್ಟು, ಎಂದರೆ ಸುಮಾರು 130 ಗ್ರಾಂ ಕಾಳುಗಳನ್ನು ತಿಂದವರ ಎಲ್.ಡಿ.ಎಲ್. ನೂರಕ್ಕೆ 5ರಷ್ಟು ಇಳಿದುದು ಕಂಡುಬಂದಿತು. 2016ರಲ್ಲಿ 21 ಪ್ರಯೋಗಗಳನ್ನು ಪರಿಶೀಲಿಸಿದಾಗ, ಸುಮಾರು ಅಷ್ಟೇ ಪ್ರಮಾಣದಲ್ಲಿ ಕಾಳುಗಳನ್ನು ಆರು ವಾರಗಳ ಕಾಲ ತಿಂದವರ ತೂಕವು ಇತರರಿಗಿಂತ ಸರಾಸರಿ 0.34 ಕಿಲೋ ಕಡಿಮೆಯಾಗಿದ್ದಿತು. ಇದು ಅಲ್ಪವೆಂದು ತೋರಬಹುದು. ಆದರೆ ಹಸಿದಿರಬೇಕೆಂಬ ಕಟ್ಟಳೆಯಿಲ್ಲದೆ, ಔಷಧವಿಲ್ಲದೆ, ಎಲೆಯ ಮೇಲಿನ ಒಂದು ಪದಾರ್ಥವನ್ನು ಬದಲಾಯಿಸಿದ್ದರಿಂದಲೇ ಆದ ಇಳಿತವೆಂಬುದನ್ನು ನೆನೆಯಬೇಕು.

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ ಸಾಕ್ಷ್ಯವೂ ದೊರೆತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೇಶವ್ಯಾಪಿ ಅಧ್ಯಯನದಿಂದ 2025ರಲ್ಲಿ ಪ್ರಕಟವಾದ ವಿಷಯಗಳ ಪ್ರಕಾರ, ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಭಾಗವು ಪಿಷ್ಟ ಮತ್ತು ಸಕ್ಕರೆಗಳಿಂದಲೂ, ಸುಮಾರು 12 ಭಾಗ ಮಾತ್ರ ಸಸಾರಜನಕದಿಂದಲೂ ಬರುತ್ತದೆ. ಪಿಷ್ಟದ ಶಕ್ತಿಯಲ್ಲಿ ಐದು ಭಾಗವನ್ನು ತೆಗೆದು ಅದರ ಸ್ಥಾನದಲ್ಲಿ ಸಸ್ಯಜನ್ಯ ಸಸಾರಜನಕವನ್ನೋ ಹಾಲಿನ ಸಸಾರಜನಕವನ್ನೋ ಇಟ್ಟರೆ ಸಕ್ಕರೆ ರೋಗದ ಸಂಭವವು ಕಡಿಮೆಯಾಗುವುದೆಂದು ಆ ಅಧ್ಯಯನದ ಲೆಕ್ಕವು ತೋರಿಸುತ್ತದೆ. ಅಕ್ಕಿಯನ್ನು ಬಿಟ್ಟು ರಾಗಿಗೋ ಗೋಧಿಗೋ ತಿರುಗಿದ ಮಾತ್ರಕ್ಕೆ, ಒಟ್ಟು ಪಿಷ್ಟವು ಇಳಿಯದಿದ್ದರೆ, ಈ ಪ್ರಯೋಜನವು ಕಾಣಲಿಲ್ಲವೆಂಬುದನ್ನೂ ಗಮನಿಸತಕ್ಕುದು.

ನೂರು ಗ್ರಾಂ ಒಣ ಪದಾರ್ಥದಲ್ಲಿ ದೊರೆಯುವ ಸಸಾರಜನಕವು ಸುಮಾರಾಗಿ ಈ ರೀತಿ ಇರುತ್ತದೆ:—

ಪಾಲಿಷ್ ಮಾಡಿದ ಅಕ್ಕಿ — 8 ಗ್ರಾಂ
ರಾಗಿ — 7 ಗ್ರಾಂ
ಹುರುಳಿ — 22 ಗ್ರಾಂ
ತೊಗರಿ ಬೇಳೆ — 22 ಗ್ರಾಂ
ಕಡಲೆ ಬೇಳೆ — 22 ಗ್ರಾಂ
ಹೆಸರುಕಾಳು — 22 ಗ್ರಾಂ
ಅವರೆ — 20 ಗ್ರಾಂ
ಕಡಲೆಕಾಯಿ ಬೀಜ — 24 ಗ್ರಾಂ
ಸೋಯಾ ಅವರೆ — 36 ಗ್ರಾಂ

ಇವುಗಳಲ್ಲಿ ಕಡಲೆಕಾಯಿ ಬೀಜವು ನೂರಕ್ಕೆ 40ರಷ್ಟು ಎಣ್ಣೆಯನ್ನೂ, ಸೋಯಾ ಅವರೆಯು ಸುಮಾರು 20ರಷ್ಟು ಎಣ್ಣೆಯನ್ನೂ ಒಳಗೊಂಡಿರುತ್ತವೆ. ಹುರುಳಿಯಲ್ಲಿ ಒಂದು ಗ್ರಾಂ ಸಹ ಎಣ್ಣೆಯಿಲ್ಲ. ಬಡವರ ಕಾಳೆಂದೂ ಕುದುರೆಯ ಮೇವೆಂದೂ ಹಳಿಯಲ್ಪಡುವ ಹುರುಳಿಯು, ಬೊಜ್ಜಿನವರಿಗೆ ಬೆಲೆಯುಳ್ಳ ತೊಗರಿಗಿಂತ ಯಾವ ವಿಧದಲ್ಲಿಯೂ ಕೀಳಲ್ಲ.

ರಾಗಿಯೂ ಕಾಳೂ ಕೂಡುವುದರ ಗುಣ.— ಸಸ್ಯಜನ್ಯ ಸಸಾರಜನಕವು ಅಪೂರ್ಣವಾದುದೆಂಬ ಆಕ್ಷೇಪಣೆಯೊಂದುಂಟು. ಏಕದಳ ಧಾನ್ಯಗಳಲ್ಲಿ ಲೈಸೀನ್ ಎಂಬ ಆಮೈನೋ ಆಮ್ಲವು ಕಡಿಮೆ. ದ್ವಿದಳಗಳಲ್ಲಿ ಮಿಥಿಯೋನಿನ್ ಕಡಿಮೆ. ಆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ, ಮುದ್ದೆಗೆ ಹುರುಳಿ ಸಾರು, ಜೋಳದ ರೊಟ್ಟಿಗೆ ಕಾಳಿನ ಪಲ್ಯ, ಅನ್ನಕ್ಕೆ ಬೇಳೆ ಹುಳಿ ಎಂಬ ನಮ್ಮ ಹಿರಿಯರ ಪದ್ಧತಿಯು ಶಾಸ್ತ್ರಕ್ಕೆ ಪೂರ್ಣವಾಗಿ ಒಪ್ಪುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ಸೇರಿಸಬೇಕೆಂಬ ನಿಯಮವೂ ಇಲ್ಲ, ಒಂದೇ ದಿನದಲ್ಲಿ ಎರಡೂ ಸಂದರೆ ಸಾಕು. ಪದ್ಧತಿಯಲ್ಲಿ ದೋಷವಿಲ್ಲ, ಪ್ರಮಾಣದಲ್ಲಿ ದೋಷವು ಸೇರಿಕೊಂಡಿದೆ. ಅನ್ನವು ಗುಡ್ಡೆಯಾಗಿ, ಹುಳಿಯಲ್ಲಿ ಬೇಳೆಯು ತಳದಲ್ಲಿ ಹುಡುಕುವಷ್ಟಾಗಿದೆ.

ಅಡಿಗೆಯಲ್ಲಿ ಎಚ್ಚರಿಸಬೇಕಾದ ವಿಷಯಗಳು.— ಹುರುಳಿಯನ್ನು ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ಎತ್ತುಗಳಿಗೆ ಹಾಕುವ ರೂಢಿಯು ಅನೇಕ ಗ್ರಾಮಗಳಲ್ಲಿ ಇದ್ದಿತು. ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಕಟ್ಟಿನಲ್ಲಿ ರುಚಿಯೂ ಸ್ವಲ್ಪ ಲವಣಾಂಶವೂ ಇಳಿಯುತ್ತವೆಯೇ ಹೊರತು, ಸಸಾರಜನಕದ ಹೆಚ್ಚಿನ ಭಾಗವೂ ನಾರೂ ಕಾಳಿನಲ್ಲಿಯೇ ಉಳಿಯುತ್ತವೆ. ಹೀಗೆ ಮಾಡಿದಾಗ ಎತ್ತು ಸಸಾರಜನಕವನ್ನು ಉಂಡು, ಯಜಮಾನನು ಬಣ್ಣದ ನೀರನ್ನು ಉಂಡಂತಾಗುತ್ತದೆ. ಬಸ್ಸಾರನ್ನು ಮಾಡಿದರೆ ಬಸಿದ ಕಾಳು ಸೊಪ್ಪುಗಳ ಪಲ್ಯವನ್ನೂ ತಪ್ಪದೆ ಎಲೆಗೆ ಬಡಿಸಿ ಉಣ್ಣಬೇಕು.

ಹಸಿಯ ಕಾಳುಗಳಲ್ಲಿ ಸಸಾರಜನಕದ ಜೀರ್ಣವನ್ನು ತಡೆಯುವ ಕೆಲವು ವಸ್ತುಗಳಿರುತ್ತವೆ. ಸೋಯಾ ಅವರೆಯನ್ನು ಬೇಯಿಸದೆ ಕೊಟ್ಟರೆ ಇಲಿಗಳು ಬೆಳೆಯುವುದಿಲ್ಲವೆಂಬುದನ್ನೂ, ಬೇಯಿಸಿ ಕೊಟ್ಟರೆ ಬೆಳೆಯುವುವೆಂಬುದನ್ನೂ ಆಸ್‌ಬಾರ್ನ್ ಮತ್ತು ಮೆಂಡೆಲ್ ಎಂಬುವರು 1917ರಲ್ಲಿಯೇ ತೋರಿಸಿದ್ದರು. ಆದುದರಿಂದ ಕಾಳನ್ನು ರಾತ್ರಿ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸುವುದು ಯುಕ್ತ. ಮೊಳಕೆ ಬರಿಸಿದರೆ ಇನ್ನೂ ಸುಲಭವಾಗಿ ಜೀರ್ಣವಾಗುತ್ತದೆ. ವಾಯುವಿನ ಬಾಧೆಗೆ ಅಂಜುವವರು ಸ್ವಲ್ಪದಿಂದ ಪ್ರಾರಂಭಿಸಿ ಎರಡು ಮೂರು ವಾರಗಳಲ್ಲಿ ಪ್ರಮಾಣವನ್ನು ಏರಿಸುತ್ತ ಬಂದರೆ ಕರುಳು ಹೊಂದಿಕೊಳ್ಳುತ್ತದೆ.

ಕಡಲೆ ಹಿಟ್ಟಿನ ಬೋಂಡ, ಉದ್ದಿನ ವಡೆ, ಕಡಲೆ ಬೇಳೆಯ ಒಬ್ಬಟ್ಟುಗಳೂ ಕಾಳಿನವೇ ಅಲ್ಲವೆ ಎಂದು ಕೇಳುವವರುಂಟು. ಕಾಳಿನವೇ ಅಹುದು. ಆದರೆ ಕರಿದ ಪದಾರ್ಥವು ಹೀರಿಕೊಂಡ ಎಣ್ಣೆಯೂ, ಒಬ್ಬಟ್ಟಿಗೆ ಸೇರಿದ ಬೆಲ್ಲ ತುಪ್ಪಗಳೂ ಸೇರಿ ಕಾಳಿನ ಉಪಕಾರವನ್ನು ಮುಳುಗಿಸಿಬಿಡುತ್ತವೆ. ಉಸಲಿ, ಕೋಸಂಬರಿ, ಮಸ್ಸೊಪ್ಪು, ಕೂಟು, ಹುಳಿ, ಕಾಳಿನ ಪಲ್ಯಗಳೇ ಈ ಉದ್ದೇಶಕ್ಕೆ ತಕ್ಕವುಗಳು.

ಪ್ರಮಾಣವೂ ಲೆಕ್ಕವೂ.— ವಯಸ್ಕನೊಬ್ಬನಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಒಳ್ಳೆಯ ಸಸಾರಜನಕವು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಗೊತ್ತುಮಾಡಿತು. ಎಲ್ಲವನ್ನೂ ಧಾನ್ಯಗಳಿಂದಲೇ ಪಡೆಯುವವರು ಒಂದು ಗ್ರಾಂ ಎಂದು ಎಣಿಸುವುದು ಮೇಲು. 60 ಕಿಲೋ ತೂಗುವವನಿಗೆ ಇದು ದಿನಕ್ಕೆ 50ರಿಂದ 60 ಗ್ರಾಂಗಳಾಗುತ್ತವೆ.

ಒಂದು ಹೊತ್ತಿಗೆ 150 ಗ್ರಾಂ ಅಕ್ಕಿಯ ಅನ್ನವನ್ನು ತಿಳಿಸಾರಿನೊಡನೆ ಉಣ್ಣುವವನನ್ನು ತೆಗೆದುಕೊಳ್ಳೋಣ. ಅವನಿಗೆ ಅನ್ನದಿಂದ ಸುಮಾರು 530 ಕಿಲೋಕ್ಯಾಲೊರಿಗಳೂ 12 ಗ್ರಾಂ ಸಸಾರಜನಕವೂ ದೊರೆಯುತ್ತವೆ. ಅವನು ಅಕ್ಕಿಯನ್ನು 100 ಗ್ರಾಂಗೆ ಇಳಿಸಿ, 50 ಗ್ರಾಂ ಹುರುಳಿಯನ್ನು ಬೇಯಿಸಿ ಕಾಳುಸಹಿತವಾಗಿ ಉಂಡರೆ, ಶಕ್ತಿಯು ಸುಮಾರು 520 ಕಿಲೋಕ್ಯಾಲೊರಿಗಳಾಗಿ ಹೆಚ್ಚು ಕಡಮೆ ಅಷ್ಟೇ ಉಳಿಯುತ್ತದೆ. ಸಸಾರಜನಕವು ಮಾತ್ರ 19 ಗ್ರಾಂಗೆ ಏರಿ, ನಾರೂ ಒಂದೂವರೆಯಷ್ಟಾಗುತ್ತದೆ. ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮರೆಯಬಾರದು: ಕಾಳು ಕೊಬ್ಬನ್ನು ಕರಗಿಸುವ ಔಷಧವಲ್ಲ. ಹುರುಳಿಯ ನೀರನ್ನು ಬರಿಹೊಟ್ಟೆಯಲ್ಲಿ ಕುಡಿದರೆ ಬೊಜ್ಜು ಕರಗುವುದೆಂಬ ಮಾತಿಗೆ ಆಧಾರವಿಲ್ಲ. ಕಾಳಿನ ಲಾಭವು ಬರುವುದು ಮೂರು ಮಾರ್ಗಗಳಿಂದ: ಅಷ್ಟೇ ಶಕ್ತಿಯಲ್ಲಿ ಹಸಿವು ಹೆಚ್ಚು ಹೊತ್ತು ತಣಿಯುವುದು, ಅದರಿಂದ ಎರಡನೆಯ ಸಲದ ಅನ್ನವೂ ಸಂಜೆಯ ಬೋಂಡವೂ ಬೇಡವಾಗುವುದು, ಮತ್ತು ಯಕೃತ್ತಿಗೆ ಬೀಳುವ ಸಕ್ಕರೆಯ ಹೊರೆಯು ತಗ್ಗುವುದು. ಅನ್ನವನ್ನು ಮೊದಲಿನಷ್ಟೇ ಇಟ್ಟುಕೊಂಡು ಅದರ ಮೇಲೆ ಕಾಳನ್ನೂ ತಿಂದರೆ ತೂಕವು ಏರುವುದೇ ಹೊರತು ಇಳಿಯುವುದಿಲ್ಲ. ಒಂದರ ಸ್ಥಾನದಲ್ಲಿ ಇನ್ನೊಂದೆಂಬುದೇ ಇದರ ಮರ್ಮ.

ಯಾರು ಎಚ್ಚರದಿಂದಿರಬೇಕು.— ಮೂತ್ರಪಿಂಡಗಳ ರೋಗವುಳ್ಳವರು ವೈದ್ಯರನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಬಾರದು. ಸಕ್ಕರೆ ರೋಗಕ್ಕೆ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಗೇ ಕಡಿಮೆಮಾಡಿದರೆ ರಕ್ತದ ಸಕ್ಕರೆಯು ತೀರ ಇಳಿದು ಅಪಾಯವಾದೀತಾದ್ದರಿಂದ, ಅವರೂ ವೈದ್ಯರ ಸಲಹೆಯನ್ನು ಪಡೆಯಬೇಕು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಬಿಸಿಲಿನಲ್ಲಿ ದುಡಿಯುವ ಕೂಲಿಯವರಿಗೆ ಅನ್ನವನ್ನು ಕಡಿಮೆಮಾಡುವ ಅಗತ್ಯವಿಲ್ಲ. ಅವರಿಗೆ ಅನ್ನದೊಡನೆ ಕಾಳನ್ನು ಹೆಚ್ಚಿಸುವುದೇ ಧರ್ಮ. ಡಬ್ಬಿಗಳಲ್ಲಿ ಬರುವ ದುಬಾರಿಯಾದ ಪ್ರೋಟೀನು ಪುಡಿಗಳು ಮನೆಯ ಕಣಜದಲ್ಲಿ ಕಾಳಿರುವವನಿಗೆ ಬೇಕಾಗಿಲ್ಲ. ಕೂತಲ್ಲೇ ಕೂತಿರುವವನಿಗೆ ಯಾವ ಆಹಾರವೂ ಪೂರ್ಣವಾದ ಫಲವನ್ನು ಕೊಡಲಾರದು. ಹೊಲಕ್ಕೆ ನಡೆದು ಹೋಗುವ ಅಭ್ಯಾಸವನ್ನು ಪುನಃ ಹಿಡಿಯಬೇಕು.

ಹೊಲದಿಂದ ಪ್ರಾರಂಭ.— ಎಲೆಯ ಮೇಲೆ ಕಾಳು ಕಡಿಮೆಯಾದುದಕ್ಕೆ ಹೊಲದಲ್ಲಿ ಕಾಳು ಕಡಿಮೆಯಾದುದೂ ಒಂದು ಕಾರಣ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಅವರೆ, ತೊಗರಿ, ಅಲಸಂದೆಗಳನ್ನು ಬಿತ್ತುತ್ತಿದ್ದ ಮನೆಗಳಿಗೆ ವರ್ಷದ ಕಾಳು ಹೊಲದಿಂದಲೇ ಬರುತ್ತಿದ್ದಿತು. ಅಕ್ಕಡಿಯನ್ನು ಬಿಟ್ಟು ಒಂದೇ ಪೈರನ್ನು ಹಾಕಿದವರು ಬೇಳೆಯನ್ನು ಅಂಗಡಿಯಿಂದ ತರಬೇಕಾಯಿತು. ಧಾರಣೆ ಏರಿದಾಗ ಮೊದಲು ಕಡಿತವಾಗುವುದು ಬೇಳೆಯೇ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂಬ ಪ್ರಮಾಣವು ದಕ್ಷಿಣ ಜಿಲ್ಲೆಗಳ ಖುಷ್ಕಿಗೆ ಶಿಫಾರಸು ಮಾಡಲ್ಪಟ್ಟಿದೆ. ಮುಂಗಾರು ತಡವಾಗಿ ರಾಗಿಯ ಬಿತ್ತನೆಯು ತಪ್ಪಿದ ವರ್ಷ ಹಿಂಗಾರಿನ ಮೊದಲ ಮಳೆಗಳಲ್ಲಿ ಹುರುಳಿಯನ್ನು ಚೆಲ್ಲಿದರೂ ಹೊಲವು ಬೀಳು ಬೀಳುವುದಿಲ್ಲ. ಕರಿಯ ಭೂಮಿಯ ಸೀಮೆಯಲ್ಲಿ ತೊಗರಿ ಕಡಲೆಗಳಿಗೆ ಸರಿಯಾದ ಸ್ಥಾನವಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿರುತ್ತದೆ.

ಈ ಪೈರುಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಕಾಳಿನ ಸಸಾರಜನಕದ ಮೂಲವು ಇದೇ. ಒಂದೇ ಸಾರಜನಕವು ಭೂಮಿಗೂ ಮನುಷ್ಯನಿಗೂ ಆಹಾರವಾಗುವುದರಿಂದ, ಬೀಜಕ್ಕೆ ರೈಜೋಬಿಯಂ ಲೇಪನಮಾಡಿ ಬಿತ್ತುವ ರೈತನು ತನ್ನ ಹೊಲಕ್ಕೂ ತನ್ನ ಮಕ್ಕಳಿಗೂ ಒಂದೇ ಕೆಲಸದಲ್ಲಿ ಉಪಕಾರ ಮಾಡಿದಂತಾಗುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸಿ, ತೇವವಾಡದಂತೆ ಮುಚ್ಚಿಟ್ಟರೆ ನುಸಿಯ ಬಾಧೆಯು ತಪ್ಪಿ ವರ್ಷವಿಡೀ ಮನೆಗೆ ಒದಗುತ್ತದೆ.

ಗ್ರಾಮ ಪ್ರಮುಖರು ಮಾಡಬಹುದಾದುದು.— ಹಳ್ಳಿಯಲ್ಲಿ ಹಿರಿಯರು ಉಣ್ಣುವುದನ್ನು ನೋಡಿ ಕಿರಿಯರು ಉಣ್ಣುತ್ತಾರೆ. ಮದುವೆ ಜಾತ್ರೆಗಳ ಪಂಕ್ತಿಯಲ್ಲಿ ಎರಡು ಬಗೆಯ ಅನ್ನಕ್ಕೆ ಬದಲಾಗಿ ಒಂದು ಬಗೆಯ ಅನ್ನ, ಒಂದು ಕಾಳಿನ ಪಲ್ಯ ಎಂಬ ಕ್ರಮವನ್ನು ಯಜಮಾನರು ತಂದರೆ ಅದು ಬಡಮನೆಗಳಿಗೂ ಮಾರ್ಗವಾಗುತ್ತದೆ. ಅಂಗನವಾಡಿಯಲ್ಲಿಯೂ ಶಾಲೆಯ ಬಿಸಿಯೂಟದಲ್ಲಿಯೂ ಸಾರಿನ ಪಾತ್ರೆಯ ತಳದಲ್ಲಿ ಬೇಳೆಯಿದೆಯೆ ಎಂಬುದನ್ನು ಪಂಚಾಯಿತಿಯ ಸದಸ್ಯರು ತಿಂಗಳಿಗೊಮ್ಮೆ ಸೌಟನ್ನಾಡಿಸಿ ನೋಡಬೇಕು. ಕೂಲಿಯವರಿಗೆ ಊಟ ಹಾಕುವ ಹಿಡುವಳಿದಾರರು ಮುದ್ದೆಯ ಗಾತ್ರದಲ್ಲಿ ತೋರುವ ಔದಾರ್ಯವನ್ನು ಕಾಳಿನಲ್ಲಿಯೂ ತೋರಿಸಬೇಕು. ತಮ್ಮ ಸೊಂಟವನ್ನು ವರ್ಷಕ್ಕೆರಡು ಸಲ ಟೇಪಿನಿಂದ ಅಳೆದು ಬರೆದಿಡುವುದನ್ನು ಪಹಣಿಯನ್ನು ನೋಡುವಷ್ಟೇ ಕ್ರಮವಾಗಿ ನಡೆಸಿದರೆ, ಆಸ್ಪತ್ರೆಯ ಬಾಗಿಲಿಗೆ ಹೋಗುವುದಕ್ಕೆ ಮೊದಲೇ ಎಚ್ಚರಗೊಳ್ಳಬಹುದು.

ಬರುವ ಬಿತ್ತನೆಯಲ್ಲಿ ಎಂಟು ಸಾಲಿಗೊಂದು ಸಾಲು ಅವರೆಯನ್ನೋ ತೊಗರಿಯನ್ನೋ ಹಾಕುವುದಕ್ಕೆ ಹೆಚ್ಚಿನ ಭೂಮಿಯೂ ಹೆಚ್ಚಿನ ನೀರೂ ಬೇಕಾಗಿಲ್ಲ. ಸುಗ್ಗಿಯಲ್ಲಿ ಆ ಒಂದು ಸಾಲಿನ ಕಾಳನ್ನು ಮಾರದೆ ಮನೆಗೆ ಉಳಿಸಿಕೊಳ್ಳುವ ನಿಶ್ಚಯವೊಂದಿದ್ದರೆ ಸಾಕು.